ಬೇನೆಯನ್ನು ಶಮನಪಡಿಸುವದು ಅವಿಶ್ವಾಸವೋ?

ವಾಸಿಯಾಗುವ ನಿರೀಕ್ಷೆಯಿಲ್ಲದ ವ್ಯಾಧಿಯಲ್ಲಿ ಬಿದ್ದಿರುವವನು ತನ್ನ ಬೇನೆಯನ್ನು ತಗ್ಗಿಸುವ ಔಷಧವನ್ನು ತೆಗೆದುಕೊಳ್ಳಬಹುದೋ, ಇಲ್ಲವೆ ಆ ಬೇನೆಯನ್ನು ದೇವರ ಕೈಯಿಂದ ಬಂದದ್ದೆಂದೆಣಿಸಿ ಕಡೇ ವರೆಗೂ ತಾಳಿಕೊಂಡಿರಬೇಕೋ? ಸಭೆಯ ರೋಗಿಗಳನ್ನು ಸಂದರ್ಶಿಸುವವರೆಲ್ಲರೂ ಒಂದಲ್ಲ ಒಂದು ದಿನ ಈ ಪ್ರಶ್ನೆಗೆ ಎದುರಾಗುವರು. ಕೆಲವು ವರುಷಗಳ ಹಿಂದೆ ನಮ್ಮ ಸಭೆಯ ವೃದ್ಧ ತಾಯಿಯೊಬ್ಬರು ಕ್ಯಾನ್ಸರ್ ರೋಗದಿಂದ ಹಾಸಿಗೆ ಹಿಡಿದಿದ್ದರು. ವೈದ್ಯರು ಕೊಟ್ಟ ಮಾರ್ಫೀನ್ ಗುಳಿಗೆಗಳು ಗೋಡೆಯ ಮಾಡದಲ್ಲಿ ಮುಟ್ಟದೆ ಇದ್ದವು. "ಅಯ್ಯಾ, ಕರ್ತನು ಹೊರಿಸಿದ ಶಿಲುಬೆಯನ್ನು ನಾನೇ ಕೆಳಗಿಳಿಸಿದರೆ ತಪ್ಪಾಗುವದಿಲ್ಲವೋ?" ಎಂದು ಅವರು ಕೇಳಿದರು. ನಾವು ತಾಳ್ಮೆಯ ವಿಷಯವಾದ ಅಧ್ಯಾಯವೊಂದನ್ನು ಓದಿ, ಪ್ರಾರ್ಥನೆ ಮಾಡಿ, ಉತ್ತರ ಕೊಡದೆ ಮನೆಗೆ ಬಂದೆವು. ಅವರು ಅನೇಕ ರಾತ್ರಿ ನರಳಿ ತೀರಿಹೋದರು. ಗುಳಿಗೆಗಳು ಮಾಡದಲ್ಲಿಯೇ ಉಳಿದವು. ಆ ದಿನ ನಾವು ಕೊಡದೆಹೋದ ಉತ್ತರವನ್ನು ಇಲ್ಲಿ ಕೊಡಲು ಯತ್ನಿಸುತ್ತೇವೆ.

ಮೊದಲು ಸೃಷ್ಟಿಯ ಒಂದು ಮೂಲೆಯನ್ನು ನೋಡೋಣ. ಫಿಲಿಪ್ಪೈನ್ಸ್ ದ್ವೀಪಗಳ ಸಮುದ್ರದಲ್ಲಿ ಶಂಕುವಿನ ಆಕಾರದ ಅಂದವಾದ ಚಿಪ್ಪುಳ್ಳ ಬಸವನಹುಳುಗಳುಂಟು. ಕಪ್ಪೆಚಿಪ್ಪಿನಂತೆ ಇವೂ ಮೃದ್ವಂಗಿಗಳ ಕುಲಕ್ಕೆ ಸೇರಿದವುಗಳು. ಮೆಲ್ಲಮೆಲ್ಲನೆ ತೆವಳುವ ಈ ಪ್ರಾಣಿಯು ಚುರುಕಾಗಿ ಈಜುವ ಮೀನನ್ನು ಹಿಡಿಯುವದು ಹೇಗೆ? ಅದರ ಬಾಯಲ್ಲಿ ಈಟಿಯಂಥ ಟೊಳ್ಳು ಹಲ್ಲು ಇರುವದು. ಅದನ್ನು ಮೀನಿಗೆ ಚುಚ್ಚಿ ವಿಷವನ್ನು ಒಳಗೆ ಹೊಗಿಸಿದ ಕೂಡಲೇ ಮೀನು ಮರಗಟ್ಟುವದು. ಇವುಗಳಲ್ಲಿ ಕೆಲವು ಜಾತಿಯವು ಮನುಷ್ಯರನ್ನು ಸಹ ಕೊಂದದ್ದುಂಟು.

ಬಾಲ್ದೊಮೆರೋ ಒಲಿವೆರಾ ಎಂಬ ಫಿಲಿಪ್ಪೈನ್ಸ್ ದೇಶದ ಪಂಡಿತರು ಅಮೇರಿಕದಲ್ಲಿ ಕಲಿತು ಸ್ವದೇಶಕ್ಕೆ ಮರಳಿದಾಗ, ಅವರು ಕಲಿತಿದ್ದ ಸಂಶೋಧನೆಗೆ ತಕ್ಕ ಸಲಕರಣೆಗಳು ಅಲ್ಲಿ ಇರಲಿಲ್ಲ. ಆದಕಾರಣ ಅವರು ತಮ್ಮ ಸಮುದ್ರತೀರದಲ್ಲಿ ಸಿಕ್ಕುವ ಈ ಬಸವನಹುಳುಗಳ ವಿಷವನ್ನೇ ಪರೀಕ್ಷಿಸಲು ತೊಡಗಿದರು. ಲೂರ್ದೆಸ್ ಕ್ರೂಜ್ ಎಂಬ ವಿದುಷಿಯು ಅವರ ಸಂಗಡ ದುಡಿದರು. ಮುಂದೆ ಅಮೇರಿಕದ ಯೂಟಾ ವಿಶ್ವವಿದ್ಯಾಲಯದ ಅವರ ಪ್ರಯೋಗಶಾಲೆಯಲ್ಲಿ ಮೈಕೆಲ್ ಮ್ಯಾಕಿಂಟಾಷ್ ಎಂಬ 18 ವರುಷದ ವಿದ್ಯಾರ್ಥಿಯು, ಕೋನಸ್ ಮೇಗಸ್ ಎಂಬ ಜಾತಿಯ ವಿಷದಿಂದ 25 ಅಮಿನೋ ಆಮ್ಲಗಳ ಸಣ್ಣ ಸರಪಣಿಯಂಥ ದ್ರವ್ಯವೊಂದನ್ನು ಬೇರ್ಪಡಿಸಿದನು. ಬೇನೆಯ ಸುದ್ದಿಯನ್ನು ಹೊತ್ತ ನರಗಳು ಬೆನ್ನುಹುರಿಯೊಳಗೆ ಅದನ್ನು ಒಪ್ಪಿಸುವ ಬಾಗಿಲುಗಳನ್ನು ಈ ದ್ರವ್ಯವು ಮುಚ್ಚುವದೆಂದು ಆ ಮೇಲೆ ತಿಳಿದುಬಂತು. ಅದನ್ನು ಪ್ರಯೋಗಶಾಲೆಯಲ್ಲಿಯೇ ಕೃತಕವಾಗಿ ತಯಾರಿಸಿ ಜೈಕೊನೊಟೈಡ್ ಎಂಬ ಹೆಸರಿನ ಔಷಧವಾಗಿ ಮಾಡಿದರು. ಇದಕ್ಕೋಸ್ಕರ ಈಗ ಬಸವನಹುಳುಗಳನ್ನು ಕೊಲ್ಲಬೇಕಾಗಿಲ್ಲ. ಕ್ಯಾನ್ಸರ್ ಇಲ್ಲವೆ ಏಡ್ಸ್ ರೋಗದಿಂದ ಕಠಿಣ ವೇದನೆಪಡುತ್ತಿದ್ದ 111 ಮಂದಿಯಲ್ಲಿ ಇದನ್ನು ಪರೀಕ್ಷಿಸಿದ ವರದಿಯು 2004ರಲ್ಲಿ ಪ್ರಕಟವಾಯಿತು. ಅದೇ ವರುಷದ ದಶಂಬರದಲ್ಲಿ ಅಮೇರಿಕದ ಸರಕಾರವು ಅದಕ್ಕೆ ಅನುಮತಿ ಕೊಟ್ಟಿತು.

ಆದರೂ ಇದು ಸರ್ವರೋಗನಿವಾರಕವೆಂದು ಯಾರೂ ಭಾವಿಸಬಾರದು. ಸಣ್ಣ ಯಂತ್ರದ ಮೂಲಕ ಬೆನ್ನುಹುರಿಯ ಸುತ್ತಲಿನ ದ್ರವದೊಳಗೆ ತೊಟ್ಟುತೊಟ್ಟಾಗಿ ಇದನ್ನು ಬಿಡಬೇಕು. ಪ್ರಮಾಣವು ತುಸು ಹೆಚ್ಚಾದರೆ ರೋಗಿಯ ಬುದ್ಧಿಯು ಗಲಿಬಿಲಿಗೊಂಡು, ಇಲ್ಲದ್ದು ಕಣ್ಣಿಗೆ ಕಾಣುವದು. ಬೇರೆ ಔಷಧಗಳಿಂದ ಉಪಶಮನವಾಗದವರಿಗೆ ಮಾತ್ರ ಇದನ್ನು ಕೊಡುವರು. ಅತಿಯಾದರೆ ಅಮೃತವೂ ವಿಷ ಎಂದು ನಮ್ಮ ಹಿರಿಯರು ಹೇಳುವರು. ಇಲ್ಲಿ ವಿಷವೇ ಮಿತಿಯೊಳಗೆ ನಿಂತು ಔಷಧವಾಯಿತು.

ದೇವರು ಸಮುದ್ರದ ತಳದಲ್ಲಿ ಔಷಧವನ್ನಿಟ್ಟಿದ್ದಾನೆ, ಆದಕಾರಣ ಬೇನೆಯನ್ನು ನೀಗಿಸುವದು ಆತನ ಚಿತ್ತವೇ ಎಂದು ಒಬ್ಬನು ಹೇಳಬಹುದು. ಈ ವಾದವು ಮಧುರವಾದರೂ ಸಾಲದು. ಯಾಕಂದರೆ ಅದೇ ಸೃಷ್ಟಿಯಲ್ಲಿ ವಿಷವೂ ಉಂಟು, ಕ್ಯಾನ್ಸರೂ ಉಂಟು. ಸೃಷ್ಟಿಯನ್ನು ಮಾತ್ರ ನೋಡಿ ದೇವರ ಮನಸ್ಸನ್ನು ಪೂರ್ಣವಾಗಿ ಅರಿಯಲಾರೆವು. ಆತನು ತನ್ನನ್ನು ಪ್ರಕಟಿಸಿಕೊಂಡ ಯೇಸು ಕ್ರಿಸ್ತನ ಬಳಿಗೆ ಹೋಗಿಯೇ ಕೇಳಬೇಕು.

ಇಲ್ಲಿ ಕೆಲವರು ತಡೆದು ಹೀಗನ್ನುವರು: ಶಿಲುಬೆಗೆ ಹಾಕುವಾಗ ರಕ್ತಬೋಳ ಬೆರಸಿದ ದ್ರಾಕ್ಷಾರಸವನ್ನು ಕೊಡಲು ನಮ್ಮ ಕರ್ತನು ಅದನ್ನು ತೆಗೆದುಕೊಳ್ಳಲಿಲ್ಲವಲ್ಲಾ? ನಿಜವೇ. ಆದರೆ ಆತನು ಬೇಡವೆಂದದ್ದು ತನಗೆ ಕೊಟ್ಟ ಪಾತ್ರೆಯನ್ನು. ಇನ್ನೊಬ್ಬರ ತುಟಿಗೆ ಹಿಡಿದ ಪಾತ್ರೆಯನ್ನು ಆತನು ಎಂದೂ ತಳ್ಳಿದವನಲ್ಲ. ತನ್ನ ಬಳಿಗೆ ಬಂದ ಕುಷ್ಠರೋಗಿಗಾಗಲಿ ಪಾರ್ಶ್ವವಾಯು ರೋಗಿಗಾಗಲಿ, ಈ ಬೇನೆಯು ನಿನ್ನ ಆತ್ಮಕ್ಕೆ ಹಿತ, ಇದನ್ನು ಹೊತ್ತುಕೊಂಡೇ ಹೋಗು ಎಂದು ಆತನು ಹೇಳಿದ್ದನ್ನು ಸುವಾರ್ತೆಗಳಲ್ಲಿ ಎಲ್ಲಿಯೂ ಕಾಣೆವು. ದಾರಿಯಲ್ಲಿ ಬಿದ್ದವನನ್ನು ಕಂಡ ಸಮಾರ್ಯದವನು ತಾಳ್ಮೆಯನ್ನು ಬೋಧಿಸಲಿಲ್ಲ. ಗಾಯಗಳಿಗೆ ಎಣ್ಣೆಯನ್ನೂ ದ್ರಾಕ್ಷಾರಸವನ್ನೂ ಹೊಯಿದು ಕಟ್ಟಿದನು. ಶರೀರದಲ್ಲಿ ಮುಳ್ಳು ನಾಟಿದ್ದ ಪೌಲನು ಸಹ ಅದು ತೊಲಗಬೇಕೆಂದು ಮೂರು ಸಾರಿ ಬೇಡಿದನು. ತೊಲಗದಿದ್ದಾಗಲೇ ಅದನ್ನು ಕೃಪೆಯಿಂದ ಹೊತ್ತನು.

ಹೀಗಿರಲಾಗಿ ನಾವು ಎರಡು ಸಂಗತಿಗಳನ್ನು ಬೇರ್ಪಡಿಸಿ ತಿಳಿಯಬೇಕು. ತೊಲಗಿಸಲಾರದ ಬೇನೆಯಲ್ಲಿ ತಾಳ್ಮೆಯು ರೋಗಿಯ ಸದ್ಗುಣ. ತೊಲಗಿಸಬಹುದಾದ ಬೇನೆಯಲ್ಲಿ ನೆರೆಯವನು ರೋಗಿಗೆ ತಾಳ್ಮೆಯನ್ನು ಉಪದೇಶಿಸುವದು ಸದ್ಗುಣವಲ್ಲ, ಕಠಿಣ ಹೃದಯವೇ. ಕರ್ತನು ಹೊರಬೇಕೆಂದ ಶಿಲುಬೆಯು ಆತನ ಹೆಸರಿನ ನಿಮಿತ್ತ ನಾವು ಆರಿಸಿಕೊಳ್ಳುವ ಕಷ್ಟ. ಗಂಟುವ್ಯಾಧಿಯಾದರೋ ವಿಶ್ವಾಸಿಗೂ ಅವಿಶ್ವಾಸಿಗೂ ಸಮವಾಗಿ ಬರುತ್ತದೆ.

ಮಾರ್ಫೀನಿನ ವಿಷಯದಲ್ಲಿ ಜನರಿಗಿರುವ ಭಯವನ್ನು ನಾವು ಅರಿತಿದ್ದೇವೆ. ಅದು ಅಫೀಮಿನಿಂದ ಹುಟ್ಟಿದ್ದು, ಅದರ ದುರುಪಯೋಗದಿಂದ ಮನೆಗಳು ಹಾಳಾದದ್ದುಂಟು. ಇದನ್ನು ತಡೆಯಲು 1985ರಲ್ಲಿ ನಮ್ಮ ದೇಶದಲ್ಲಿ ಮಾಡಿದ ಕಾನೂನು ಎಷ್ಟು ಬಿಗಿಯಾಗಿತ್ತೆಂದರೆ, ನ್ಯಾಯವಾಗಿ ಸಿಕ್ಕಬೇಕಾದ ರೋಗಿಗಳಿಗೂ ಆ ಔಷಧವು ದುರ್ಲಭವಾಯಿತು. 2014ರಲ್ಲಿ ಅದನ್ನು ತಿದ್ದಿ ಸಡಿಲಿಸಿದರು. ಬಲ್ಲ ವೈದ್ಯನು ತಕ್ಕ ಪ್ರಮಾಣದಲ್ಲಿ ಕೊಡುವ ಮಾರ್ಫೀನ್ ಆಯುಷ್ಯವನ್ನು ಕತ್ತರಿಸುವ ಸಾಧನವಲ್ಲ. ಅದು ಪ್ರಾರ್ಥನೆಯನ್ನು ಮಂಕುಮಾಡುವದೆಂದು ಅಂಜುವವರು, ಮೂರು ರಾತ್ರಿ ನಿದ್ರೆಯಿಲ್ಲದೆ ಹೊರಳಾಡುವವನು ಎಂಥ ಪ್ರಾರ್ಥನೆ ಮಾಡಬಲ್ಲನೆಂದು ಯೋಚಿಸಲಿ.

ಆದರೆ ಔಷಧದಿಂದಲೇ ಎಲ್ಲವೂ ಮುಗಿಯಿತೋ? ಇಲ್ಲ. ಇಂಗ್ಲೆಂಡಿನ ಸಿಸಿಲಿ ಸಾಂಡರ್ಸ್ ಎಂಬ ಭಕ್ತೆಯು ಮೊದಲು ದಾದಿಯಾಗಿದ್ದು, ಸಾಯುವವರ ಬೇನೆಯನ್ನು ಕಂಡು ಮನಮರುಗಿ, ವೈದ್ಯಶಾಸ್ತ್ರವನ್ನು ಕಲಿತು, 1967ರಲ್ಲಿ ಲಂಡನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಎಂಬ ಆಶ್ರಯಗೃಹವನ್ನು ತೆರೆದರು. ಈಗ ಲೋಕದಲ್ಲೆಲ್ಲಾ ಹಬ್ಬಿರುವ ಉಪಶಾಮಕ ಆರೈಕೆಗೆ ಅದೇ ಮಾದರಿಯಾಯಿತು. ಬೇನೆಯು ಮರುಕಳಿಸುವ ಮುಂಚೆಯೇ ಗೊತ್ತಾದ ವೇಳೆಗೆ ಮಾರ್ಫೀನ್ ಕೊಡಬೇಕೆಂದು ಅವರು ಕಲಿಸಿದರು. ಅದಲ್ಲದೆ, ಸಾಯುವವನ ಬೇನೆಯು ಶರೀರದ್ದು ಮಾತ್ರವಲ್ಲ, ಮನಸ್ಸಿನದೂ ಮನೆಮಂದಿಯದೂ ಆತ್ಮದ್ದೂ ಕೂಡಿದ ಸಮಗ್ರ ವೇದನೆ ಎಂದೂ ತೋರಿಸಿದರು. 2005ರಲ್ಲಿ ಅವರು ಅದೇ ಗೃಹದಲ್ಲಿ ಕ್ಯಾನ್ಸರಿನಿಂದ ತೀರಿಹೋದರು. ನಮ್ಮ ನಾಡಿನಲ್ಲಿಯೂ 1999ರಿಂದ ಬೆಂಗಳೂರಿನ ಕರುಣಾಶ್ರಯವು ಇಂಥ ರೋಗಿಗಳನ್ನು ಹಣ ತೆಗೆದುಕೊಳ್ಳದೆ ನೋಡಿಕೊಳ್ಳುತ್ತಿದೆ.

ಬಸವನಹುಳುವಿನ ಔಷಧವು ನರದ ಬಾಗಿಲನ್ನು ಮುಚ್ಚಬಲ್ಲದು. ಮಕ್ಕಳ ಗತಿಯೇನೆಂಬ ತಾಯಿಯ ಚಿಂತೆಯನ್ನಾಗಲಿ, ಹಳೆಯ ಪಾಪದ ನೆನಪನ್ನಾಗಲಿ, ಒಬ್ಬಂಟಿಗನ ಅಂಜಿಕೆಯನ್ನಾಗಲಿ ಅದು ಮುಟ್ಟಲಾರದು. ಅಲ್ಲಿ ಸಭೆಯ ಕೆಲಸ ಆರಂಭವಾಗುತ್ತದೆ. ಗೆತ್ಸೇಮನೆಯಲ್ಲಿ ಕರ್ತನು ಶಿಷ್ಯರಿಂದ ಕೇಳಿದ್ದು ಉಪದೇಶವನ್ನಲ್ಲ, ತನ್ನ ಸಂಗಡ ಎಚ್ಚರವಾಗಿರುವದನ್ನೇ. ಯೋಬನ ಸ್ನೇಹಿತರು ಏಳು ದಿನ ಮೌನವಾಗಿ ನೆಲದ ಮೇಲೆ ಕೂತಿದ್ದಾಗ ಸರಿಯಾಗಿಯೇ ಇದ್ದರು. ಬಾಯಿ ತೆರೆದ ಮೇಲೆಯೇ ಅವರು ತಪ್ಪಿದರು.

ಆದಕಾರಣ, ಪ್ರಿಯ ಸಭಾಜನರೇ, ನಿಮ್ಮ ನೆರೆಮನೆಯಲ್ಲಿ ಇಂಥ ರೋಗಿಯಿದ್ದರೆ, ವೈದ್ಯರು ಕೊಟ್ಟ ಔಷಧವು ಹೊತ್ತುಹೊತ್ತಿಗೆ ಸಿಕ್ಕುವದೋ ಎಂದು ವಿಚಾರಿಸಿರಿ. ಮುಗಿಯುತ್ತಾ ಬಂದರೆ ಪೇಟೆಗೆ ಹೋಗಿ ತಂದುಕೊಡಿರಿ. ಎಚ್ಚತ್ತು ದಣಿದ ಮನೆಯವರು ಒಂದು ರಾತ್ರಿ ಮಲಗುವಂತೆ ನೀವು ಹೋಗಿ ಕೂತಿರ್ರಿ. ಉಪದೇಶಿಗಳಾದ ನಾವು ವೇದಪುಸ್ತಕವನ್ನು ತೆರೆಯುವ ಮೊದಲು ಮಾಡದ ಕಡೆಗೆ ಒಮ್ಮೆ ನೋಡೋಣ. ಆ ತಾಯಿಯು ಇಂದು ಕೇಳಿದರೆ ನಾವು ಹೀಗನ್ನುವೆವು: ಅಮ್ಮಾ, ಗುಳಿಗೆಯನ್ನು ತೆಗೆದುಕೊಳ್ಳಿರಿ; ಇದನ್ನು ಕೊಡುವವನೂ ಕರ್ತನೇ. ನೀವು ನಿದ್ರೆಮಾಡುವ ವರೆಗೆ ನಾವು ಇಲ್ಲಿಯೇ ಇರುತ್ತೇವೆ.