ಸ್ಕ್ಯಾನ್ ಯಾವ ಪ್ರಮಾಣ?

ವಸ್ತುವಿನ ನಿಜವನ್ನು ತಿಳಿಯುವ ಸಾಧನವನ್ನು ಭಾರತೀಯ ದರ್ಶನಗಳು ಪ್ರಮಾಣವೆಂದು ಕರೆದಿವೆ: ಇಂದ್ರಿಯದ ಮೂಲಕ ನೇರವಾಗಿ ತಿಳಿಯುವುದು ಪ್ರತ್ಯಕ್ಷ, ಕಂಡ ಗುರುತಿನಿಂದ ಕಾಣದುದನ್ನು ನಿಶ್ಚಯಿಸುವುದು ಅನುಮಾನ, ನಂಬಿಕೆಗೆ ಅರ್ಹನಾದವನ ಮಾತಿನಿಂದ ತಿಳಿಯುವುದು ಶಬ್ದ. ದೇಹವನ್ನು ಕೊಯ್ಯದೆಯೇ ಅದರ ಒಳಗನ್ನು ತೋರಿಸುವ ಯಂತ್ರಗಳನ್ನೂ, ಅವು ಕೊಟ್ಟ ಚಿತ್ರಗಳನ್ನು ಬೇರೆ ಊರಿನಲ್ಲಿ ಕುಳಿತ ತಜ್ಞರು ಓದಿ ವರದಿ ಬರೆಯುವ ಟೆಲಿರೇಡಿಯಾಲಜಿಯನ್ನೂ ಈ ವಿಂಗಡಣೆಯ ಬೆಳಕಿನಲ್ಲಿಟ್ಟು ನೋಡಿದರೆ, ಆಸ್ಪತ್ರೆಗಳಲ್ಲಿ ದಿನವೂ ಕೇಳಿಬರುವ ‘ಸ್ಕ್ಯಾನ್‌ನಲ್ಲಿ ಕಾಣಿಸಿತು’, ‘ಸ್ಕ್ಯಾನ್‌ನಲ್ಲಿ ಏನೂ ಇಲ್ಲ’ ಎಂಬ ಮಾತುಗಳಿಗೆ ಎಷ್ಟು ತೂಕ ಕೊಡಬೇಕೆಂಬ ಪ್ರಶ್ನೆ ಏಳುತ್ತದೆ. ಎರಡನೆಯ ಮಾತು ಎಷ್ಟೋ ರೋಗಿಗಳ ಪಾಲಿಗೆ ‘ನಿನಗೆ ನೋವೇ ಇಲ್ಲ’ ಎಂಬ ತೀರ್ಪಾಗಿಬಿಡುವುದರಿಂದ ಇದನ್ನು ಪಂಡಿತರ ತರ್ಕಕ್ಕೆ ಬಿಟ್ಟುಕೊಟ್ಟು ಸುಮ್ಮನಾಗುವಂತಿಲ್ಲ.

1895ರ ನವೆಂಬರಿನಲ್ಲಿ ಜರ್ಮನಿಯ ವ್ಯೂರ್ಟ್ಸ್‌ಬುರ್ಗ್‌ನಲ್ಲಿ ವಿಲ್ಹೆಲ್ಮ್ ರಾಂಟ್‌ಜನ್ ಕಂಡುಹಿಡಿದ ಎಕ್ಸ್-ರೇಯಲ್ಲಿ ತಟ್ಟೆಯ ಮೇಲೆ ಮೂಡುತ್ತಿದ್ದದ್ದು ಎಲುಬಿನ ನೆರಳು. ನೆರಳಾದರೂ ಅದು ವಸ್ತುವಿನಿಂದಲೇ ಬಿದ್ದದ್ದಾದ ಕಾರಣ ಅದನ್ನು ಪ್ರತ್ಯಕ್ಷದ ಅಂಚಿನಲ್ಲಾದರೂ ಇಡಬಹುದಾಗಿತ್ತು. ಗಾಡ್‌ಫ್ರೆ ಹೌನ್ಸ್‌ಫೀಲ್ಡ್ ರೂಪಿಸಿದ ಸಿಟಿ ಯಂತ್ರ 1971ರಲ್ಲಿ ಲಂಡನ್ನಿನ ಆಟ್ಕಿನ್ಸನ್ ಮಾರ್ಲಿ ಆಸ್ಪತ್ರೆಯಲ್ಲಿ ಮೊದಲ ಬಾರಿಗೆ ರೋಗಿಯೊಬ್ಬರ ಮಿದುಳನ್ನು ಚಿತ್ರಿಸಿದಾಗ ಆ ಅಂಚೂ ಅಳಿಸಿಹೋಯಿತು. ಸಿಟಿಯಲ್ಲಿ ಕಿರಣಗಳು ಹಲವು ಕೋನಗಳಿಂದ ದೇಹವನ್ನು ಹಾದು ಎಷ್ಟು ಕುಂದಿ ಹೊರಬಂದವು ಎಂಬುದನ್ನಷ್ಟೇ ಯಂತ್ರ ಅಳೆಯುತ್ತದೆ. ಆ ಅಳತೆಗಳನ್ನು ಗಣಿತದಿಂದ ಹಿಂದಕ್ಕೆ ಬಿಡಿಸುತ್ತ ಹೋಗಿ, ದೇಹದ ಪ್ರತಿಯೊಂದು ಚುಕ್ಕೆಗೂ ನೀರಿಗೆ ಸೊನ್ನೆ, ಗಾಳಿಗೆ ಋಣ 1000 ಎಂಬ ಮಾನದಲ್ಲಿ ಒಂದೊಂದು ಸಂಖ್ಯೆಯನ್ನು ಕಂಪ್ಯೂಟರ್ ನಿಗದಿಪಡಿಸುತ್ತದೆ. ಸಾವಿರಾರು ಬೆಲೆಗಳನ್ನು ಕಣ್ಣು ಒಮ್ಮೆಗೇ ಬೇರೆಬೇರೆ ಬೂದುಬಣ್ಣಗಳಾಗಿ ಗುರುತಿಸಲಾರದ್ದರಿಂದ, ಯಾವ ಸಂಖ್ಯೆಗಳ ವ್ಯಾಪ್ತಿಯನ್ನು ತೋರಿಸಬೇಕೆಂದು ನೋಡುವವರೇ ಆರಿಸಿಕೊಳ್ಳುತ್ತಾರೆ. ‘ವಿಂಡೋ’ ಎನ್ನಲಾಗುವ ಈ ಆಯ್ಕೆ ಬದಲಾದರೆ ಅದೇ ಎದೆಯ ಅದೇ ಅಳತೆಗಳಲ್ಲಿ ಒಮ್ಮೆ ಶ್ವಾಸಕೋಶದ ಎಳೆಗಳು, ಮತ್ತೊಮ್ಮೆ ಪಕ್ಕೆಲುಬಿನ ಬಿರುಕು ತೋರುತ್ತದೆ. ಎಂಆರ್‌ಐ ಇನ್ನೂ ದೂರದ್ದು: ಬಲವಾದ ಕಾಂತಕ್ಷೇತ್ರದಲ್ಲಿರುವ ದೇಹಕ್ಕೆ ರೇಡಿಯೋ ತರಂಗಗಳನ್ನು ಹಾಯಿಸಿ, ಅಲ್ಲಿನ ಜಲಜನಕದ ಬೀಜಗಳು ಮರಳಿಸುವ ಸಂಕೇತಗಳಿಂದ ಚಿತ್ರವನ್ನು ಲೆಕ್ಕಹಾಕಿ ಕಟ್ಟಲಾಗುತ್ತದೆ.

ಆದ್ದರಿಂದ ರೇಡಿಯಾಲಜಿಸ್ಟ್ ಪರದೆಯನ್ನು ನೋಡುವುದು ಪ್ರತ್ಯಕ್ಷವೇ ಆದರೂ, ಗೆಡ್ಡೆಯನ್ನು ತಿಳಿಯುವುದು ಅನುಮಾನ. ಬೆಟ್ಟದ ಮೇಲಿನ ಹೊಗೆಯಿಂದ ಬೆಂಕಿಯನ್ನು ನಿಶ್ಚಯಿಸಲು ಹೊಗೆಯಿರುವಲ್ಲೆಲ್ಲ ಬೆಂಕಿಯಿದೆಯೆಂಬ ತಪ್ಪದ ಸಂಬಂಧ, ಎಂದರೆ ವ್ಯಾಪ್ತಿ, ಬೇಕು ಎನ್ನುತ್ತದೆ ನ್ಯಾಯದರ್ಶನ. ಬಿಳಿಯ ಮಚ್ಚೆ ಮತ್ತು ರೋಗ ಇವೆರಡರ ನಡುವಿನ ಸಂಬಂಧ ಅಷ್ಟು ಗಟ್ಟಿಯಾಗಿರುವುದು ಅಪರೂಪ. ಸೊಂಟದಲ್ಲಿ ಕೂರಿಸಿದ ಲೋಹದ ಕೀಲು ಸಿಟಿ ಚಿತ್ರದಲ್ಲಿ ದೇಹದಲ್ಲೇ ಇಲ್ಲದ ಗೆರೆಗಳನ್ನು ಎಳೆಯಬಲ್ಲದು, ಮತ್ತು ಅಂಥ ಗೆರೆಯನ್ನು ನಂಬಿ ಹೊರಟ ತರ್ಕ, ಹೇತುವಿನಂತೆ ತೋರಿ ಹೇತುವಲ್ಲದ ಹೇತ್ವಾಭಾಸಕ್ಕೆ ಸ್ಪಷ್ಟವಾದ ಉದಾಹರಣೆ. (ಇಂದ್ರಿಯ ಮತ್ತು ಮನಸ್ಸಿನ ಮೂಲಕ ಬರುವ ಅರಿವನ್ನೆಲ್ಲ ಉಮಾಸ್ವಾತಿಯ ತತ್ತ್ವಾರ್ಥಸೂತ್ರ ಪರೋಕ್ಷವೆಂದೇ ಎಣಿಸುತ್ತದೆ, ಆ ಜೈನ ದೃಷ್ಟಿಯಲ್ಲಿ ಬರಿಗಣ್ಣಿಗೂ ಸ್ಕ್ಯಾನ್‌ಗೂ ಜಾತಿಯಲ್ಲಿ ಭೇದವಿಲ್ಲ, ಇರುವುದು ದೂರದಲ್ಲಿ ಮಾತ್ರ.)

ಟೆಲಿರೇಡಿಯಾಲಜಿಯಲ್ಲಿ ಈ ಅನುಮಾನಕ್ಕೆ ಶಬ್ದಪ್ರಮಾಣವೂ ಸೇರುತ್ತದೆ. ವೈದ್ಯಕೀಯ ಚಿತ್ರಗಳನ್ನು ಯಾವುದೇ ತಯಾರಕರ ಯಂತ್ರಗಳ ನಡುವೆ ಸಾಗಿಸಲು 1993ರಲ್ಲಿ ಡೈಕಾಮ್ ಎಂಬ ಸಾಮಾನ್ಯ ಮಾನದಂಡ ರೂಪುಗೊಂಡ ಬಳಿಕ, ಅಮೆರಿಕದ ರಾತ್ರಿ ಭಾರತದ ಹಗಲಾಗಿರುವ ಅನುಕೂಲವನ್ನು ಬಳಸಿಕೊಂಡು, ಅಲ್ಲಿನ ತುರ್ತು ಘಟಕಗಳ ಸ್ಕ್ಯಾನ್‌ಗಳನ್ನು ಬೆಂಗಳೂರಿನಲ್ಲಿ ಓದುವ ಪದ್ಧತಿ ಬೆಳೆಯಿತು. 2002ರಲ್ಲಿ ಇಲ್ಲಿ ಆರಂಭವಾದ ಟೆಲಿರೇಡಿಯಾಲಜಿ ಸೊಲ್ಯೂಷನ್ಸ್ ಈ ಕ್ಷೇತ್ರದ ಮೊದಲಿಗರಲ್ಲಿ ಒಂದು. ರೋಗಿಯ ಮುಖವನ್ನೇ ಕಾಣದ ತಜ್ಞರ ಮಾತು ಪ್ರಮಾಣವಾಗುವುದು ಹೇಗೆ ಎಂಬುದಕ್ಕೆ ನ್ಯಾಯಸೂತ್ರಗಳ ಭಾಷ್ಯಕಾರ ವಾತ್ಸ್ಯಾಯನನಲ್ಲಿ ಉತ್ತರವಿದೆ. ವಿಷಯವನ್ನು ಸಾಕ್ಷಾತ್ತಾಗಿ ಅರಿತು, ಅರಿತಂತೆಯೇ ತಿಳಿಸಬೇಕೆಂಬ ಇಚ್ಛೆಯಿಂದ ನುಡಿಯುವವನು ಆಪ್ತ. ಈ ಲಕ್ಷಣ ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನ ಎನ್ನುತ್ತಾನೆ ಅವನು. ಕುಲವನ್ನೂ ದೇಶವನ್ನೂ ಬದಿಗಿಟ್ಟ ಈ ಉದಾರವಾದ ಮಾತಿನ ಪ್ರಕಾರ ದೂರವೆಂಬುದು ಆಪ್ತತ್ವಕ್ಕೆ ಅಡ್ಡಿಯೇ ಅಲ್ಲ. ಅಡ್ಡಿಯಾಗಬಲ್ಲದ್ದು ಬೇರೆ: ಕಣ್ಣು ವಸ್ತುವನ್ನು ಮುಟ್ಟಿದರೂ ಮನಸ್ಸು ಅಲ್ಲಿ ಸೇರದಿದ್ದರೆ ಜ್ಞಾನ ಹುಟ್ಟದೆಂಬ ನೈಯಾಯಿಕರ ಮಾತಿಗೆ, 2013ರಲ್ಲಿ ಪ್ರಕಟವಾದ ಪ್ರಯೋಗವೊಂದು ಪುಷ್ಟಿ ಕೊಡುತ್ತದೆ. ಶ್ವಾಸಕೋಶದ ಸಿಟಿಯಲ್ಲಿ ಸಣ್ಣ ಗಂಟುಗಳನ್ನು ಹುಡುಕುತ್ತಿದ್ದ 24 ಮಂದಿ ರೇಡಿಯಾಲಜಿಸ್ಟರಲ್ಲಿ 20 ಮಂದಿ, ಚಿತ್ರದೊಳಗೆ ಸೇರಿಸಿಟ್ಟಿದ್ದ ಗೊರಿಲ್ಲದ ಆಕೃತಿಯನ್ನು, ಅದು ಆ ಗಂಟುಗಳಿಗಿಂತ ಎಷ್ಟೋ ಪಟ್ಟು ದೊಡ್ಡದಾಗಿದ್ದರೂ, ಗಮನಿಸಲಿಲ್ಲ. ಹಾಗೆ ಗಮನಿಸದವರಲ್ಲಿ ಹೆಚ್ಚಿನವರ ದೃಷ್ಟಿ ಅದೇ ಜಾಗದ ಮೇಲೆ ಹಾದುಹೋಗಿತ್ತು.

ಮಿದುಳಿನ ರಕ್ತಸ್ರಾವವನ್ನು ಗುರುತಿಸಿ ಎಚ್ಚರಿಸುವ ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳಿಗೆ ಮನಸ್ಸು ಅತ್ತಿತ್ತ ಹರಿಯುವ ದೋಷವಿಲ್ಲ, ಆದರೆ ತಿಳಿಸಬೇಕೆಂಬ ಇಚ್ಛೆಯೂ ಇಲ್ಲ. ಆಡಿದವನೇ ಇಲ್ಲದ ಮಾತಿಗೆ ಆಡಿದವನ ದೋಷ ತಟ್ಟದೆಂದು ವೇದದ ಬಗ್ಗೆ ಮೀಮಾಂಸಕರು ಹೂಡಿದ ವಾದವನ್ನು ಇವಕ್ಕೆ ಯಾರಾದರೂ ಅನ್ವಯಿಸಿಯಾರು. ಅದು ಸಲ್ಲದು, ಏಕೆಂದರೆ ಇವು ಕಲಿತಿರುವುದು ಮನುಷ್ಯರು ಗುರುತು ಹಾಕಿಕೊಟ್ಟ ಚಿತ್ರಗಳಿಂದ, ಮತ್ತು ಆ ಮನುಷ್ಯರ ತಪ್ಪುಗಳೂ ಅವುಗಳೊಳಗೆ ಇಳಿದಿರುತ್ತವೆ.

ಇಷ್ಟಾದರೂ ಸ್ಕ್ಯಾನ್‌ಗೆ ಅಡಿಪಾಯವಾಗಿರುವ ಅರಿವೊಂದು ಉಳಿದೇ ಇದೆ, ಅದು ರೋಗಿಯದು. 13ನೆಯ ಶತಮಾನದಲ್ಲಿ ಉಡುಪಿಯ ಪರಿಸರದಲ್ಲಿ ದ್ವೈತಮತವನ್ನು ಸ್ಥಾಪಿಸಿದ ಮಧ್ವಾಚಾರ್ಯರು, ಹೊರಗಿನ ಇಂದ್ರಿಯಗಳಿಗೂ ಮನಸ್ಸಿಗೂ ಹಿಂದೆ ಆತ್ಮದ ಸ್ವರೂಪವೇ ಆಗಿರುವ ಒಂದು ಇಂದ್ರಿಯವನ್ನು ಒಪ್ಪಿ ಅದನ್ನು ಸಾಕ್ಷಿ ಎಂದರು; ಕಣ್ಣೂ ಮನಸ್ಸೂ ತಪ್ಪಬಹುದು, ಆದರೆ ಸುಖದುಃಖಗಳನ್ನು ಅರಿಯುವ ಸಾಕ್ಷಿ ತಪ್ಪದು. ಯಾವ ಪ್ರಮಾಣವನ್ನು ಆಶ್ರಯಿಸಿ ಅನುಮಾನವೊಂದು ನಿಂತಿದೆಯೋ ಆ ಉಪಜೀವ್ಯ ಪ್ರಮಾಣವನ್ನು, ಎಂದರೆ ತನಗೆ ಆಧಾರವಾದುದನ್ನು, ಆ ಅನುಮಾನವೇ ಅಲ್ಲಗಳೆಯಲಾಗದು ಎಂಬುದು ಜಗತ್ತು ಮಿಥ್ಯೆಯೆಂಬ ವಾದದ ವಿರುದ್ಧ ಆ ಪರಂಪರೆ ಹಿಡಿದ ನಿಯಮ. ಈ ನಿಯಮ ಆಸ್ಪತ್ರೆಗೂ ಪೂರ್ಣವಾಗಿ ಸಲ್ಲುತ್ತದೆ. ಬೆನ್ನು ನೋಯುತ್ತಿದೆ ಎಂದು ರೋಗಿ ಹೇಳಿದ್ದರಿಂದಲೇ ಎಂಆರ್‌ಐ ಮಾಡಿಸಲಾಯಿತು. ಅದು ಸಹಜವಾಗಿ ಬಂದರೆ ನೋವಿನ ಕಾರಣ ಆ ಚಿತ್ರದಲ್ಲಿ ಸಿಗಲಿಲ್ಲವೆಂದು ಹೇಳಬಹುದೇ ಹೊರತು ನೋವಿಲ್ಲವೆಂದಲ್ಲ. ಎದುರು ಬದಿಯ ಎಚ್ಚರಿಕೆಯೂ ಇದೆ: ಬೆನ್ನುನೋವೇ ಇಲ್ಲದ 98 ಮಂದಿಯ ಎಂಆರ್‌ಐ ಪರೀಕ್ಷಿಸಿ 1994ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬೆನ್ನಿನ ಕೆಳಭಾಗದ ಎಲ್ಲ ಡಿಸ್ಕ್‌ಗಳೂ ಸಹಜವಾಗಿದ್ದವರು ಶೇ. 36 ಮಾತ್ರ. ಉಳಿದವರ ಡಿಸ್ಕ್‌ಗಳಲ್ಲಿ ಕಂಡದ್ದನ್ನು ಹಿಡಿದು ಅವರಿಗೆ ನೋವಿದೆಯೆಂದು ಸಾಧಿಸಿದ್ದರೆ ಅದೂ ಅಷ್ಟೇ ಅಪಚಾರವಾಗುತ್ತಿತ್ತು.

ಸಾಕ್ಷಿಗೂ ಮೇರೆಯಿದೆ. ನೋವಿದೆ ಎಂಬಲ್ಲಿ ಅದು ಅಚಲ, ಆದರೆ ನೋವು ಎಲ್ಲಿಂದ ಎಂಬುದು ಅದರ ವಿಷಯವಲ್ಲ. ಹೃದಯಾಘಾತದ ನೋವು ಎಡತೋಳಿನಲ್ಲಿ ತೋರಬಹುದು, ಅಲ್ಲಿ ಚಿತ್ರ ಮತ್ತು ಪರೀಕ್ಷೆಗಳ ಅನುಮಾನವೇ ಜೀವ ಉಳಿಸುತ್ತದೆ. ಈ ಮೇರೆಯನ್ನು ದಾಟಿ ನೋವನ್ನೇ ಹೊರಗಿನಿಂದ ಅಳೆಯುವ ಯತ್ನವೂ ನಡೆದಿದೆ: 2013ರಲ್ಲಿ ಟಾರ್ ವೇಗರ್ ಮತ್ತು ಸಂಗಡಿಗರು, ಮಿದುಳಿನ ರಕ್ತಸಂಚಾರದ ಬದಲಾವಣೆಗಳನ್ನು ಹಿಡಿಯುವ ಎಫ್‌ಎಂಆರ್‌ಐ ಚಿತ್ರಗಳಲ್ಲಿ ದೈಹಿಕ ನೋವಿನ ವಿಶಿಷ್ಟ ವಿನ್ಯಾಸವೊಂದನ್ನು ಗುರುತಿಸಿದರು. ಮಾತನಾಡಲಾರದ ರೋಗಿಗಳಿಗೆ ಅದು ಮುಂದೆ ದೊಡ್ಡ ಉಪಕಾರವಾದೀತು. ಆದರೆ ಆ ವಿನ್ಯಾಸ ನೋವಿನದೇ ಎಂದು ಸಂಶೋಧಕರಿಗೆ ತಿಳಿದದ್ದು, ತೋಳಿಗೆ ತಾಗಿಸಿದ ಬಿಸಿ ಎಷ್ಟು ನೋಯಿತೆಂದು ಯಂತ್ರದೊಳಗೆ ಮಲಗಿದ್ದವರು ಕೊಟ್ಟ ಅಂಕಗಳಿಂದ. ಇಂಥ ಸ್ಕ್ಯಾನ್ ಒಂದು ದಿನ ವಿಮೆಯ ಕಚೇರಿಯಲ್ಲೋ ನ್ಯಾಯಾಲಯದಲ್ಲೋ ‘ಇವರಿಗೆ ನೋವಿಲ್ಲ’ ಎಂದು ನುಡಿಯಲು ಬಂದರೆ, ಆ ಮಾತು ಆಶ್ರಯಿಸಿರುವುದು ಅಂಥದೇ ಸಾಕ್ಷಿಯ ನುಡಿಯನ್ನು.