ಕೂಲಿಯೋ, ಬಕ್ಷೀಸೋ?

ಗೌನಿಪಲ್ಲಿಯಲ್ಲಿ ನಾವು ಮನೆ ಕಟ್ಟಿಸಿ ಮುಗಿಸಿದಾಗ ಮುಂದೆ ಇಪ್ಪತ್ತು ಅಡಿ ಅಗಲ, ಮೂವತ್ತು ಅಡಿ ಉದ್ದದ ಅಂಗಳ ಉಳಿಯಿತು. ಸಾಲ ತೀರಿರಲಿಲ್ಲ, ಬಣ್ಣದ ಕೆಲಸ ಬಾಕಿ ಇತ್ತು, ಆದರೂ ಮನೆಯ ಮುಂದೆ ಹಸಿರು ಬೇಕೆಂಬ ಆಸೆ ಬಿಡಲಿಲ್ಲ. ಸುತ್ತಲೂ ಮಾವಿನ ತೋಪುಗಳಿರುವ ಶ್ರೀನಿವಾಸಪುರ ತಾಲೂಕಿನಲ್ಲಿ ಹಸಿರಿಗೇನು ಬರ ಎಂದು ಯಾರಾದರೂ ಕೇಳಬಹುದು. ತೋಪು ಬದುಕಿಗೆ, ಅಂಗಳದ ತೋಟ ಕಣ್ಣಿಗೆ ಎಂದು ನಮ್ಮ ಲೆಕ್ಕವಿತ್ತು.

ಮೊದಲು ಪಟ್ಟಣದಿಂದ ಒಬ್ಬ ಗುತ್ತಿಗೆದಾರರನ್ನು ಕರೆಸಿದೆವು. ಅವರು ಟೇಪು ಹಿಡಿದು ಅಳೆದರು, ಮೊಬೈಲಿನಲ್ಲಿ ಚಿತ್ರಗಳನ್ನು ತೋರಿಸಿದರು, ಮರುದಿನ ಅಚ್ಚು ಹಾಕಿಸಿದ ಅಂದಾಜು ಪಟ್ಟಿ ಕಳಿಸಿದರು. ಹುಲ್ಲುಹಾಸು, ಅಲಂಕಾರದ ಗಿಡ, ಬಿಳಿ ಬೆಣಚುಕಲ್ಲು, ಕೆಂಪು ಮಣ್ಣು, ಕೂಲಿ ಎಲ್ಲ ಸೇರಿ 45 ಸಾವಿರ ರೂಪಾಯಿ. ಅದರಲ್ಲಿ ವಿನ್ಯಾಸಕ್ಕೆಂದೇ 5 ಸಾವಿರ. ಆ ಪಟ್ಟಿಯನ್ನು ಮಡಿಸಿ ಪುಸ್ತಕದೊಳಗಿಟ್ಟೆವು.

ಆಮೇಲೆ ಬಂದವರು ಪಕ್ಕದ ಹಳ್ಳಿಯ ತಾತ. ಮಾವಿನ ತೋಪುಗಳಲ್ಲಿ ಪಾತಿ ಮಾಡುವುದು, ಕೊಂಬೆ ಕಡಿಯುವುದು ಅವರ ಕಸುಬು. ತೋಪಿನಲ್ಲಿ ಕೆಲಸವಿಲ್ಲದ ದಿನಗಳಲ್ಲಿ ಹೀಗೆ ಮನೆಯಂಗಳದ ಕೆಲಸ. ತೆಲುಗು ಬೆರೆತ ಕನ್ನಡದಲ್ಲಿ, ಬೀಡಿಯನ್ನು ಕಿವಿಯ ಮೇಲೆ ಸಿಕ್ಕಿಸಿಕೊಂಡು, ಅಂಗಳವನ್ನು ಎರಡು ಸಲ ಸುತ್ತಿದರು. ಹುಲ್ಲುಹಾಸಿನ ಆಸೆ ಹೇಳಿದಾಗ ನಕ್ಕರು.

"ಹುಲ್ಲು ಯಾಕೆ ಸಾಯಬ್ರೇ? ಹಸುಗೆ ಹಾಕಂಗಿಲ್ಲ, ಹೊಟ್ಟೆಗೆ ಆಗಂಗಿಲ್ಲ. ನೀರು ಮಾತ್ರ ಕುಡೀತದೆ."

ಅವರ ಮಾತನ್ನು ಆ ರಾತ್ರಿ ಕಾಗದದ ಮೇಲೆ ಲೆಕ್ಕ ಹಾಕಿ ನೋಡಿದೆವು. ಇಪ್ಪತ್ತು ಅಡಿಗೆ ಇಪ್ಪತ್ತು ಅಡಿ ಹುಲ್ಲು ಎಂದರೆ ಸುಮಾರು 37 ಚದರ ಮೀಟರ್. ಬೇಸಿಗೆಯಲ್ಲಿ ದಿನಕ್ಕೆ 5 ಮಿಲಿಮೀಟರಿನಷ್ಟು ನೀರು ಕೊಟ್ಟರೂ 185 ಲೀಟರ್ ಬೇಕು. ಹಳ್ಳಿಯ ಮನೆಗಳಿಗೆ ನಲ್ಲಿ ನೀರು ಕೊಡುವ ಸರ್ಕಾರದ ಯೋಜನೆಯಲ್ಲಿ ಒಬ್ಬರಿಗೆ ದಿನಕ್ಕೆ 55 ಲೀಟರ್ ಎಂದು ಅಳತೆ ಇಟ್ಟಿದ್ದಾರೆ. ಅಂದರೆ ನಮ್ಮ ಕಣ್ಣಿನ ತಂಪಿಗೆ ಮೂರು ಜನರ ನೀರು ಮಣ್ಣಿಗೆ ಹೋಗಬೇಕು. ವರ್ಷವಿಡೀ ಹರಿಯುವ ಒಂದೇ ಒಂದು ನದಿ ಇಲ್ಲದ ಜಿಲ್ಲೆ ನಮ್ಮದು. ಕೊಳವೆ ಬಾವಿಗಳು ಸಾವಿರ ಅಡಿ ದಾಟಿದರೂ ಧೂಳು ಬರುವ ಊರುಗಳಿವೆ. 2018ರಲ್ಲಿ ಬೆಂಗಳೂರಿನ ಕೊಳಚೆ ನೀರನ್ನು ಶುದ್ಧೀಕರಿಸಿ ಕೊಳವೆಯಲ್ಲಿ ತಂದು ನಮ್ಮ ಜಿಲ್ಲೆಯ ಕೆರೆಗಳಿಗೆ ತುಂಬಿಸಲು ಶುರುಮಾಡಿದಾಗ, ಆ ನೀರು ಎಷ್ಟು ಶುದ್ಧ ಎಂದು ಜಗಳವಾಡುತ್ತಲೇ ಕೆರೆ ತುಂಬಿದ್ದಕ್ಕೆ ಖುಷಿಪಟ್ಟವರು ನಾವು. ಹುಲ್ಲುಹಾಸಿನ ಆಸೆ ಬಹುಶಃ ಕೆ.ಜಿ.ಎಫ್.ನಿಂದ ಬಂದದ್ದು. ಅಲ್ಲಿ ಆಂಗ್ಲ ಅಧಿಕಾರಿಗಳ ಬಂಗಲೆಗಳ ಮುಂದೆ ತೋಟಗಳಿದ್ದವು. ನೀರು ಬೇತಮಂಗಲದ ಕೆರೆಯಿಂದ ಬರುತ್ತಿತ್ತು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಬಂಗಲೆಯ ಕನಸು ಮಾತ್ರ ನಮ್ಮಂಥವರಲ್ಲಿ ಉಳಿಯಿತು.

ತಾತನ ಮಾತಿಗೆ ಒಪ್ಪಿ ಹುಲ್ಲು ಬಿಟ್ಟೆವು. ಒಂದು ಸಪೋಟ, ಒಂದು ದಾಳಿಂಬೆ, ನುಗ್ಗೆ, ಕರಿಬೇವು, ಗೋಡೆಗೆ ಮಲ್ಲಿಗೆ ಎಂದು ತೀರ್ಮಾನವಾಯಿತು. ಯಾವ ಗಿಡ ಎಲ್ಲಿ, ಯಾವುದರ ನೆರಳು ಯಾವುದಕ್ಕೆ ಬೀಳುತ್ತದೆ, ಬಚ್ಚಲ ನೀರನ್ನು ಯಾವ ಕಡೆ ತಿರುಗಿಸಬೇಕು ಎಂಬುದನ್ನೆಲ್ಲ ಅವರು ಕಡ್ಡಿಯಿಂದ ನೆಲದ ಮೇಲೆ ಗೀರಿ ತೋರಿಸಿದರು. ಗುತ್ತಿಗೆದಾರರು 5 ಸಾವಿರಕ್ಕೆ ಮಾರಿದ ಸಾಮಾನು ಇದೇ ಎಂದು ಆಗ ನಮಗೆ ಹೊಳೆಯಲಿಲ್ಲ. ಕಾಗದದ ಮೇಲಿದ್ದರೆ ಅದು ವಿನ್ಯಾಸ, ನೆಲದ ಮೇಲಿದ್ದರೆ ಗೀರು.

ಕೂಲಿಯ ಮಾತು ಬಂತು. ನೆಲ ಅಗೆದು, ಮಣ್ಣು ಹದ ಮಾಡಿ, ಗುಂಡಿ ತೋಡಿ, ಗೊಬ್ಬರ ಹಾಕಿ, ಸಸಿ ನೆಟ್ಟು, ಪಾತಿ ಕಟ್ಟುವುದಕ್ಕೆ ತಾತ 6 ಸಾವಿರ ಕೇಳಿದರು. ಗಿಡ, ಗೊಬ್ಬರ ನಮ್ಮದು. ನಾವು 4 ಸಾವಿರ ಎಂದೆವು. ಕೊನೆಗೆ ನಾಲ್ಕೂವರೆ ಸಾವಿರಕ್ಕೆ ನಿಂತಿತು. ನಾಲ್ಕು ದಿನದ ಕೆಲಸ ಎಂದು ನಮ್ಮ ಅಂದಾಜು. ಚೌಕಾಸಿಯಲ್ಲಿ ಗೆದ್ದ ಸಂತೋಷದಲ್ಲಿ ಅವರಿಗೆ ಚಹಾ ಕೊಟ್ಟೆವು.

ಮರುದಿನ ಬೆಳಿಗ್ಗೆ ತಾತನ ಜೊತೆ ಅವರ ಹೆಂಡತಿಯೂ ಬಂದರು. ತಾತ ಹಾರೆ ಹಾಕುತ್ತಿದ್ದರೆ ಅವ್ವ ಪುಟ್ಟಿಯಲ್ಲಿ ಮಣ್ಣು ಹೊತ್ತರು. ಅರ್ಧ ಅಡಿ ಹೋಗುವಷ್ಟರಲ್ಲಿ ಹಾರೆ ಠಣ್ ಎಂದಿತು. ಸಿಮೆಂಟಿನ ಗಟ್ಟಿ, ಇಟ್ಟಿಗೆ ಚೂರು, ಜಲ್ಲಿ, ಕಂಬಿಯ ತುಂಡು, ಒಡೆದ ಟೈಲ್ಸು. ಮನೆ ಕಟ್ಟಿದ ಮೇಸ್ತ್ರಿ ಉಳಿದ ಕಸವನ್ನೆಲ್ಲ ಅಂಗಳದಲ್ಲಿ ಹೂತು ಮೇಲೆ ಮಣ್ಣು ಎಳೆಸಿದ್ದರು. ಎಳೆಸುವಾಗ ನಾವು ಅಲ್ಲೇ ನಿಂತಿದ್ದೆವು. ಕಸ ಸಾಗಿಸುವ ಟ್ರಾಕ್ಟರಿನ ಬಾಡಿಗೆ ಉಳಿಯಿತಲ್ಲ ಎಂದು ಸುಮ್ಮನಿದ್ದೆವು.

ನಾಲ್ಕು ದಿನದ ಕೆಲಸ ಏಳು ದಿನವಾಯಿತು. ತಾತ ಏನೂ ಅನ್ನಲಿಲ್ಲ. ನಾವೂ ಏನೂ ಅನ್ನಲಿಲ್ಲ. ಅವ್ವನ ಎಡ ಅಂಗೈಗೆ ಟೈಲ್ಸಿನ ಚೂರು ತಾಗಿ ರಕ್ತ ಬಂದಾಗ ಮನೆಯೊಳಗಿಂದ ಅರಿಸಿನ ತಂದುಕೊಟ್ಟರು. ಅಂದು ರಾತ್ರಿ ಊಟದ ಹೊತ್ತಿಗೆ ನಮ್ಮ ಮನೆಯವರು ಒಂದೇ ಪ್ರಶ್ನೆ ಕೇಳಿದರು: "ಆ ಅವ್ವನ ಕೂಲಿ ಎಷ್ಟು?"

ಉತ್ತರ ನಮ್ಮಲ್ಲಿರಲಿಲ್ಲ. ಲೆಕ್ಕ ಹಾಕಿದರೆ ಹೀಗಾಯಿತು. ಇಬ್ಬರು, ಏಳು ದಿನ, ಹದಿನಾಲ್ಕು ಆಳು. ನಾಲ್ಕೂವರೆ ಸಾವಿರವನ್ನು ಹದಿನಾಲ್ಕರಿಂದ ಭಾಗಿಸಿದರೆ ಒಬ್ಬರಿಗೆ ದಿನಕ್ಕೆ 321 ರೂಪಾಯಿ. ನಾಲ್ಕೇ ದಿನದಲ್ಲಿ ಮುಗಿದಿದ್ದರೆ ಅದೇ ಹಣ 562 ಆಗುತ್ತಿತ್ತು. ಉದ್ಯೋಗ ಖಾತರಿ ಯೋಜನೆಯಲ್ಲಿ ಕೆರೆಯ ಹೂಳೆತ್ತುವವರಿಗೆ 2025-26ರಲ್ಲಿ ನಮ್ಮ ರಾಜ್ಯದಲ್ಲಿ ನಿಗದಿಯಾಗಿದ್ದ ದಿನಗೂಲಿ 370 ರೂಪಾಯಿ, ಗಂಡಾಳಿಗೂ ಹೆಣ್ಣಾಳಿಗೂ ಒಂದೇ. ಬಡವರಿಗೆ ಸರ್ಕಾರ ಕೊಡುವ ಕೂಲಿ ಸಾಲದು ಎಂದು ಭಾಷಣ ಮಾಡುವವರ ಸಾಲಿನಲ್ಲಿ ನಾವೂ ಇದ್ದೇವೆ. ನಮ್ಮ ಅಂಗಳದ ಕೂಲಿ ಅದಕ್ಕಿಂತಲೂ 49 ರೂಪಾಯಿ ಕಡಿಮೆ ಇತ್ತು.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಇಬ್ಬರೂ ಒಪ್ಪಿದ ಮೇಲೆ ಅನ್ಯಾಯ ಎಲ್ಲಿಂದ ಬಂತು? ತಾತನನ್ನು ಯಾರೂ ಬಲವಂತ ಮಾಡಲಿಲ್ಲ. ಬೇಡ ಎಂದು ಹೋಗಬಹುದಿತ್ತು. ಕೆಲಸ ಬೇಗ ಮುಗಿದಿದ್ದರೆ ಲಾಭ ಅವರದಾಗುತ್ತಿತ್ತು, ತಡವಾದ್ದರಿಂದ ನಷ್ಟ ಅವರದು. ಗುತ್ತಿಗೆ ಎಂದರೆ ಇದೇ ಅಲ್ಲವೇ? ಈ ವಾದವನ್ನು ನಾವು ನಮ್ಮೊಳಗೇ ಬಹಳ ಹೊತ್ತು ಮಾಡಿದೆವು. ವಾದ ಗಟ್ಟಿಯಾಗಿಯೇ ಇದೆ. ಎರಡು ಕಡೆ ಮಾತ್ರ ಬಿರುಕಿದೆ.

ಮೊದಲನೆಯದು, ಒಪ್ಪಿಗೆ ಎಂಬ ಮಾತು. 1982ರಲ್ಲಿ ದಿಲ್ಲಿಯಲ್ಲಿ ಏಷ್ಯನ್ ಕ್ರೀಡಾಕೂಟಕ್ಕಾಗಿ ಕಟ್ಟಡ ಕಟ್ಟುತ್ತಿದ್ದ ಕೂಲಿಗಳ ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಸಿಕೊಳ್ಳುವುದು ಸಂವಿಧಾನದ 23ನೆಯ ವಿಧಿ ನಿಷೇಧಿಸಿದ ಬಲವಂತದ ದುಡಿಮೆಯೇ ಎಂದು ನ್ಯಾಯಮೂರ್ತಿ ಪಿ.ಎನ್. ಭಗವತಿಯವರ ಪೀಠ ತೀರ್ಪು ಕೊಟ್ಟಿತು. ದೊಣ್ಣೆ ಹಿಡಿದು ನಿಂತರೆ ಮಾತ್ರ ಬಲವಂತವಲ್ಲ, ಹಸಿವೂ ಬಲವಂತವೇ ಎಂಬುದು ಆ ತೀರ್ಪಿನ ತಿರುಳು. ಬೇಡ ಎಂದು ಎದ್ದು ಹೋಗುವ ಶಕ್ತಿ ಇಬ್ಬರಿಗೂ ಸಮನಾಗಿದ್ದಾಗ ಮಾತ್ರ ಒಪ್ಪಿಗೆಗೆ ಬೆಲೆ. ತಾತ ಹೋಗಿದ್ದರೆ ನಮಗೆ ಒಂದು ಮಲ್ಲಿಗೆ ಬಳ್ಳಿ ತಡವಾಗುತ್ತಿತ್ತು. ಅವರಿಗೆ ಒಂದು ವಾರದ ರಾಗಿ ತಪ್ಪುತ್ತಿತ್ತು.

ಎರಡನೆಯದು ಇನ್ನೂ ಕಹಿಯಾದದ್ದು. ಪ್ರವಾದಿಯವರು (ಸ) ಪೇಟೆಯಲ್ಲಿ ಒಂದು ಧಾನ್ಯದ ರಾಶಿಯೊಳಗೆ ಕೈಯಿಟ್ಟಾಗ ಬೆರಳಿಗೆ ಒದ್ದೆ ತಾಗಿದ ಪ್ರಸಂಗ ನಮ್ಮ ಓದುಗರಿಗೆ ಗೊತ್ತೇ ಇದೆ. ಒಣಗಿದ ಕಾಳು ಮೇಲೆ, ನೆನೆದ ಕಾಳು ಕೆಳಗೆ. ಜನರಿಗೆ ಕಾಣುವಂತೆ ಒದ್ದೆ ಕಾಳನ್ನು ಮೇಲೆ ಏಕೆ ಇಡಲಿಲ್ಲ ಎಂದು ಅವರು ಆ ವ್ಯಾಪಾರಿಯನ್ನು ಕೇಳಿದರು. ಮದರಸಾದಲ್ಲಿ ಓದುವಾಗ ಈ ಪ್ರಸಂಗ ಕಾಳಿನ ವ್ಯಾಪಾರಿಗಳಿಗಾಗಿ ಇರುವುದು ಎಂದುಕೊಂಡಿದ್ದೆವು. ನಮ್ಮ ಅಂಗಳ ಅದೇ ರಾಶಿ. ಮೇಲೆ ಅರ್ಧ ಅಡಿ ಒಳ್ಳೆಯ ಮಣ್ಣು, ಕೆಳಗೆ ಮೇಸ್ತ್ರಿಯ ಕಸ. ಮಾರುವವನು ಮಾತ್ರ ದೋಷ ಹೇಳಬೇಕೇ? ದುಡಿಮೆಯನ್ನು ಕೊಳ್ಳುವವನು ತನ್ನ ನೆಲದ ದೋಷವನ್ನು ಹೇಳಬೇಡವೇ? ಮರೆತಿತ್ತು ಎಂದು ಹೇಳಿಕೊಳ್ಳಬಹುದು. ಆದರೆ ಚೌಕಾಸಿಯ ಹೊತ್ತಿನಲ್ಲಿ ನಮಗೆ ಅನುಕೂಲವಾಗುವ ಸಂಗತಿಗಳೆಲ್ಲ ನೆನಪಿದ್ದವು.

ಏಳನೆಯ ದಿನ ಸಂಜೆ ಹಣ ಕೊಟ್ಟೆವು. ಬೆವರು ಆರುವ ಮೊದಲೇ ಕೂಲಿ ಕೊಡಬೇಕೆಂಬ ಮಾತನ್ನು ನಮ್ಮವರು ಗೋಡೆಗೆ ತೂಗುಹಾಕುತ್ತಾರೆ. ಎಷ್ಟು ಕೊಡಬೇಕೆಂಬುದು ಆ ಪಟದಲ್ಲಿ ಬರೆದಿರುವುದಿಲ್ಲ. ನಾಲ್ಕೂವರೆ ಸಾವಿರದ ಮೇಲೆ ಒಂದೂವರೆ ಸಾವಿರ ಇಟ್ಟು, "ಇದು ಖುಷಿಗೆ ತಾತ" ಎಂದೆವು. ಅವರು ನೋಟುಗಳನ್ನು ಕಣ್ಣಿಗೊತ್ತಿಕೊಂಡರು. ಅವ್ವ ಕೈಮುಗಿದರು. ನಮಗೆ ಹಗುರವೆನಿಸಿತು. ಅಂದು ಚೆನ್ನಾಗಿ ನಿದ್ದೆ ಮಾಡಿದೆವು.

ತಿಂಗಳಾದ ಮೇಲೆ ಒಣಗಿದ ಒಂದು ಸಸಿ ಬದಲಿಸಲು ತಾತ ಬಂದಾಗ ಮನಸ್ಸು ತಡೆಯದೆ ಹೇಳಿಬಿಟ್ಟೆವು: "ತಾತ, ಕೆಳಗೆ ಕಸ ಇದೆ ಅಂತ ನಮಗೆ ಗೊತ್ತಿತ್ತು. ಹೇಳಲಿಲ್ಲ."

ಅವರು ಪಾತಿಯಿಂದ ಕೈ ತೆಗೆಯದೆ ಹೇಳಿದರು: "ಹೊಸ ಮನೆ ಅಂಗಳದಾಗೆ ಇನ್ನೇನಿರ್ತದೆ ಸಾಯಬ್ರೇ? ಅದಕ್ಕೇ ಆರು ಸಾವಿರ ಕೇಳಿದ್ದು."

ಅಲ್ಲಿಗೆ ಲೆಕ್ಕ ಮುಗಿಯಿತು. ಅವರು ಬೆಲೆಯಾಗಿ ಕೇಳಿದ ಆರು ಸಾವಿರವನ್ನೇ ನಾವು ಕೊಟ್ಟಿದ್ದೆವು. ಆದರೆ ಅದರಲ್ಲಿ ಒಂದೂವರೆ ಸಾವಿರವನ್ನು ಮೊದಲು ಕಿತ್ತುಕೊಂಡು, ಆಮೇಲೆ ಬಕ್ಷೀಸಾಗಿ ಕೊಟ್ಟು, ನಡುವೆ ಒಂದು ನಮಸ್ಕಾರ ಸಂಪಾದಿಸಿದ್ದೆವು. ಅವರ ಕೈಗೆ ಬಂದ ಹಣದಲ್ಲಿ ಒಂದು ಪೈಸೆಯೂ ವ್ಯತ್ಯಾಸವಿಲ್ಲ. ಹಾಗಾದರೆ ಹೋದದ್ದೇನು? ಹಕ್ಕು ಹೋಯಿತು. ಹಕ್ಕಿನ ಹಣವನ್ನು ಎಣಿಸಿ ಜೇಬಿಗಿಡುತ್ತಾರೆ, ಬಕ್ಷೀಸಿನ ಹಣವನ್ನು ಕಣ್ಣಿಗೊತ್ತಿಕೊಳ್ಳುತ್ತಾರೆ. ತನ್ನದೇ ಹಣಕ್ಕೆ ಒಬ್ಬ ಮುದುಕನಿಂದ ಕೃತಜ್ಞತೆ ಹೇಳಿಸಿಕೊಳ್ಳುವುದು ಸಣ್ಣ ಕಳ್ಳತನವಲ್ಲ.

ಉರ್ದುವಿನಲ್ಲಿ ಕೂಲಿಗೆ ಉಜ್ರತ್ ಎನ್ನುತ್ತೇವೆ. ದೇವರು ಕೊಡುವ ಪ್ರತಿಫಲಕ್ಕೆ ಅಜ್ರ್ ಎನ್ನುತ್ತೇವೆ. ಎರಡೂ ಅರಬಿಯ ಒಂದೇ ಬೇರಿನಿಂದ ಹುಟ್ಟಿದ ಮಾತುಗಳು. ದಾನಕ್ಕೆ ಬೇರೆ ಮಾತುಗಳಿವೆ. ಭಾಷೆ ಇಷ್ಟು ಸ್ಪಷ್ಟವಾಗಿ ಬೇರ್ಪಡಿಸಿಟ್ಟದ್ದನ್ನು ನಾವು ಜೇಬಿನಲ್ಲಿ ಬೆರೆಸಿಬಿಡುತ್ತೇವೆ. ಕನ್ನಡದ ಶರಣರ ಕಥೆಗಳಲ್ಲಿ ಆಯ್ದಕ್ಕಿ ಮಾರಯ್ಯ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಅದನ್ನು ವಾಪಸು ಸುರಿದು ಬರುವಂತೆ ಕಳಿಸುತ್ತಾಳೆ. ದುಡಿಯುವವರು ಹೆಚ್ಚು ಆಸೆಪಡಬಾರದು ಎಂದು ಹೇಳಲು ಈ ಕಥೆಯನ್ನು ಉಪಯೋಗಿಸುವ ಯಜಮಾನರನ್ನು ಕಂಡಿದ್ದೇವೆ. ತನಗೆ ಸಲ್ಲದ ಹಿಡಿ ಅಕ್ಕಿಯೂ ಮನೆಯಲ್ಲಿರಬಾರದು ಎನ್ನುವ ಮಾತು ಮೊದಲು ತಾಗಬೇಕಾದ್ದು ಕಣಜ ಇರುವವರಿಗೆ. ಆ ತಿಂಗಳು ತಾತನಿಗೆ ಸಲ್ಲಬೇಕಾದ್ದು ನಮ್ಮ ಕಣಜದಲ್ಲಿತ್ತು.

ಲಾಲ್‌ಬಾಗನ್ನು 1760ರಲ್ಲಿ ಶುರುಮಾಡಿದ ಹೈದರಾಲಿ ನಮ್ಮ ಜಿಲ್ಲೆಯ ಬೂದಿಕೋಟೆಯಲ್ಲಿ ಹುಟ್ಟಿದವನು. ಅದನ್ನು ಬೆಳೆಸಿದ ಟಿಪ್ಪುವಿನ ಹೆಸರು ಗೊತ್ತು, 1908ರಿಂದ ನೋಡಿಕೊಂಡ ಜರ್ಮನಿಯ ಕೃಂಬಿಗಲ್ ಹೆಸರು ಗೊತ್ತು, ಆಮೇಲಿನ ಜವರಾಯ, ಮರಿಗೌಡರ ಹೆಸರು ಗೊತ್ತು. ಆ 240 ಎಕರೆಯಲ್ಲಿ ಗುಂಡಿ ತೋಡಿದವರ, ನೀರು ಹೊತ್ತವರ ಒಂದು ಹೆಸರೂ ನಮ್ಮ ಬಾಯಿಗೆ ಬರುವುದಿಲ್ಲ. ಉತ್ತರ ಕರ್ನಾಟಕದಲ್ಲಿ ಬಾಗವಾನ ಎಂಬ ಮನೆತನಗಳಿವೆ. ಹೆಸರಿನ ಅರ್ಥವೇ ತೋಟಗಾರ. ಜನ್ನತ್ ಎಂದರೂ ಮೂಲದಲ್ಲಿ ತೋಟವೇ. ಸ್ವರ್ಗವನ್ನೇ ತೋಟವೆಂದು ಕಲ್ಪಿಸಿಕೊಂಡ ಜನರಲ್ಲಿ ಮಾಲಿಯ ಕೂಲಿ ಮಾತ್ರ ಚೌಕಾಸಿಯ ವಸ್ತುವಾಗಿ ಉಳಿದದ್ದು ವಿಚಿತ್ರ.

ತೋಟದ ಕೆಲಸಕ್ಕೆ ಎಷ್ಟು ಖರ್ಚಾಗುತ್ತದೆ ಎಂದು ಈಗ ನೆಂಟರು ಕೇಳುತ್ತಾರೆ. ಒಂದು ಮೊತ್ತ ಹೇಳುವುದನ್ನು ನಾವು ಬಿಟ್ಟಿದ್ದೇವೆ. ಗುತ್ತಿಗೆ ಬೇಡ, ದಿನದ ಲೆಕ್ಕ ಇಡಿ. ಬಂದ ಕೈಗಳನ್ನೆಲ್ಲ ಎಣಿಸಿ, ಗಂಡನ ಹಿಂದೆ ಬಂದ ಹೆಂಡತಿಯ ಕೈಗಳನ್ನೂ. ಗಿಡ ಎಲ್ಲಿರಬೇಕೆಂದು ಹೇಳಿದ್ದಕ್ಕೂ ಸ್ವಲ್ಪ ಕೊಡಿ. ಮಣ್ಣಿನ ಕೆಳಗೆ ಏನಿದೆ ಎಂದು ನಿಮಗೆ ಗೊತ್ತಿದ್ದರೆ ಬೆಲೆ ಮಾತಾಡುವ ಮೊದಲೇ ಹೇಳಿ. ಕೆಲವರಿಗೆ ಇದು ದುಬಾರಿ ಎನಿಸುತ್ತದೆ. ದುಬಾರಿ ಹೌದು. ಅಷ್ಟು ಕೊಡಲಾಗದಿದ್ದರೆ ಈ ವರ್ಷ ಒಂದೇ ಗಿಡ ನೆಡಬಹುದು, ಮುಂದಿನ ವರ್ಷ ಇನ್ನೊಂದು.

ನಮ್ಮ ದಾಳಿಂಬೆ ಈಗ ಸೊಂಟದೆತ್ತರ ಬಂದಿದೆ. ನೆಟ್ಟ ಮರದ ಹಣ್ಣನ್ನು ಹಕ್ಕಿ ತಿಂದರೂ ನೆಟ್ಟವನ ಪಾಲಿಗೆ ಅದು ಪುಣ್ಯವಾಗಿ ಬರೆಯಲ್ಪಡುತ್ತದೆ ಎಂಬ ನಂಬಿಕೆ ನಮ್ಮಲ್ಲಿದೆ. ನಮ್ಮ ಮನೆಯವರು ಮೊನ್ನೆ ಪಾತಿಗೆ ನೀರು ಹಾಕುತ್ತಾ ಕೇಳಿದರು: "ನೆಟ್ಟವರು ಯಾರು, ನಾವೋ ಅವರೋ?" ನಾವು ಬಕೆಟ್ಟು ಎತ್ತಿಕೊಟ್ಟೆವು, ಉತ್ತರ ಕೊಡಲಿಲ್ಲ.