ಕಬ್ಬಿಣಕ್ಕೆ ಕಿವುಡು

ಹೊಸ ಲೋಹಶೋಧಕ ಹಿಡಿದು ಮಾಗಡಿ ಬಳಿ ಗೆಳೆಯನ ಹೊಲದಲ್ಲಿ ಮೂರು ಭಾನುವಾರ ಸುತ್ತಿದೆ. ಸಿಕ್ಕಿದ್ದು ಎತ್ತಿನ ಲಾಳ, ಮೊಳೆ, ಸೋಡಾ ಮುಚ್ಚಳ. ಯಂತ್ರಕ್ಕೊಂದು ಬಟನ್ ಇದೆ. ಒತ್ತಿದರೆ ಕಬ್ಬಿಣಕ್ಕೆ ಕಿವುಡಾಗಿ, ತಾಮ್ರ, ಬೆಳ್ಳಿಯಂಥವಕ್ಕೆ ಮಾತ್ರ ಕೂಗುತ್ತದೆ.

ಹೊಲದಿಂದ ಕಾಣುವ ಸಾವನದುರ್ಗದ ಸುತ್ತ ಬೃಹತ್‌ಶಿಲಾ ಸಮಾಧಿಗಳಿವೆ. ದಕ್ಷಿಣ ಭಾರತದಲ್ಲಿ ಅದು ಕಬ್ಬಿಣಯುಗ. ಅಂಥ ಸಮಾಧಿಗಳಲ್ಲಿ ಸಾಮಾನ್ಯವಾಗಿ ಸಿಗುವುದು ಮಡಕೆ, ತುಕ್ಕು ಹಿಡಿದ ಕತ್ತಿ, ಕುಡುಗೋಲು. ನಿಧಿಯಾಸೆಗೆ ಅಗೆಯುವವನು ಅದನ್ನೇ ಕಸವೆಂದು ಎಸೆಯುತ್ತಾನೆ. ಯಾವುದರ ಪಕ್ಕ ಏನಿತ್ತೆಂಬ ಸಾಕ್ಷಿ ಅಲ್ಲಿಗೆ ಮುಗಿಯಿತು.

ಸಿಕ್ಕ ನಿಧಿ ಯಾರದೆಂಬುದಕ್ಕೆ 1962ರ ಕರ್ನಾಟಕ ನಿಧಿ ಕಾಯ್ದೆ ಉತ್ತರ ಹೇಳುತ್ತದೆ. ಯಾವುದಕ್ಕೆ ಬೆಲೆ ಕೊಡಬೇಕೆಂಬ ಪ್ರಶ್ನೆ ನಮ್ಮ ಪಾಲಿಗೇ ಉಳಿಯುತ್ತದೆ. ಆಸೆಯೂ ಅಂಥದೊಂದು ಬಟನ್. ಸಮಾಧಿಗಳತ್ತ ನಾನು ಯಂತ್ರ ಒಯ್ಯುವುದಿಲ್ಲ. ಹೊಲದಲ್ಲೂ ಬಟನ್ ಒತ್ತುವುದಿಲ್ಲ. ಲಾಳದ ಸದ್ದೂ ಕೇಳಲಿ.